ನೆಲದೊಳಗಿನ ಠೇಸನ್ನು ಮತ್ತು ನಾನು ಹುಟ್ಟಿಸಿದ ಮುದುಕ

ಒಂದು ಸಲವೂ ಮೆಟ್ರೊ ರೈಲು ಹತ್ತದೆ ಒಂದು ಮೆಟ್ರೊ ಸ್ಟೇಷನ್ನಿಗೆ ಮಾಲೀಕನಾದ ಮನುಷ್ಯ ಜಗತ್ತಿನಲ್ಲಿ ಯಾರಾದರೂ ಇದ್ದರೆ ಅವನು ನಮ್ಮಣ್ಣ! ಸ್ಟೇಷನ್ನು ಇರುವುದು ಬೆಂಗಳೂರಿನ ನೆಲದ ಕೆಳಗೆ. ಮಾಲೀಕರು ಇರುವುದು ರಬಕವಿಯಲ್ಲಿ, ನನ್ನ ಮನೆಯಿಂದ ಎರಡು ಓಣಿ ಆಚೆ. ಆದರೂ ಅಲ್ಲಿ ಯಾವ ಕಂಬದ ಪಕ್ಕ ಯಾವ ಮೆಟ್ಟಿಲು, ಯಾವ ಗೇಟಿನಿಂದ ಹೊಕ್ಕರೆ ಎಷ್ಟು ಹೆಜ್ಜೆಗೆ ಟಿಕೆಟಿನ ಕಿಂಡಿ ಎಂಬುದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಎಬ್ಬಿಸಬೇಕೆಂದೇನೂ ಇಲ್ಲ, ಕೇಳಬೇಕೆಂದೂ ಇಲ್ಲ. ಸುಮ್ಮನೆ ಎದುರಿಗೆ ಕೂತರೆ ಸಾಕು!

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಮೇಲೆ ನನ್ನ ಕೈಗೆ ಬಂದದ್ದು ನೂಲು ಸುತ್ತುವ ರಾಟಿ. ಆದರೆ ಆ ಒಂದು ಸ್ಟೇಷನ್ನಿನ ಮೇಲೆ ಪರೀಕ್ಷೆ ಇಟ್ಟರೆ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ವರ್ಷಗಟ್ಟಲೆ ದಿನಾ ಕೇಳಿದ್ದೇನೆ! ಅದೇ ನನಗೆ ಸೊಕ್ಕಾಯಿತು. ಆ ಸೊಕ್ಕಿನಲ್ಲಿ ಅಣ್ಣನಿಗೆ ಒಂದು ಸುಳ್ಳು ಹೇಳಿದೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಅಣ್ಣನ ಪರಿಚಯ ಆಗಲಿ. ಇಲ್ಲವಾದರೆ ನಾನು ಮಾಡಿದ್ದು ಎಷ್ಟು ದೊಡ್ಡ ತಪ್ಪು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ನಾವು ನೇಕಾರರು. ಅಣ್ಣ ಕುಣಿಮಗ್ಗದಲ್ಲಿ ಕೂತು ಬೆಳೆದವನು. ನೆಲದಲ್ಲಿ ಒಂದು ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಓಣಿಯ ತುಂಬ ವಿದ್ಯುತ್ ಮಗ್ಗಗಳು ಗಡಗಡಿಸತೊಡಗಿ ಕೈಮಗ್ಗದ ಕೆಲಸ ಕಡಿಮೆಯಾದಾಗ ಅವನು ಕಟ್ಟಡದ ಕೆಲಸ ಹುಡುಕಿ ಬೆಂಗಳೂರಿಗೆ ಹೋದ. ಅಲ್ಲಿ ರಸ್ತೆಯ ಪಕ್ಕ ಒಂದು ಮಹಾಗುಂಡಿ ತೋಡುತ್ತಿದ್ದರು. ಇವನು ಅದರಲ್ಲಿ ಇಳಿದ. ನಾಲ್ಕು ವರ್ಷ ಮೇಲೆ ಬರಲಿಲ್ಲ. ಅಂದರೆ ಊಟಕ್ಕೆ, ನಿದ್ದೆಗೆ ಬರುತ್ತಿದ್ದನಂತೆ. ಆದರೆ ಅವನ ಮಾತು ಕೇಳಿದವರಿಗೆ ಬರಲೇ ಇಲ್ಲ ಅನಿಸುತ್ತದೆ!

"ಅಷ್ಟ ಆಳದಾಗ ಅಂಜಿಕಿ ಆಗಲಿಲ್ಲೇನಣ್ಣಾ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ನಮಗ್ಯಾಕ ಅಂಜಿಕಿ ಬೇ? ಮುತ್ಯಾನ ಮುತ್ಯಾನ ಕಾಲದಿಂದ ಕುಣ್ಯಾಗ ಕಾಲಿಟ್ಟ ಉಂಡವ್ರು ನಾವು. ಇಲ್ಲಿ ಕುಣಿ ಸಣ್ಣದಿತ್ತು, ಅಲ್ಲಿ ದೊಡ್ಡದ ಮಾಡ್ಯಾರ. ಅಷ್ಟ!"

ಅಣ್ಣ ಸ್ಟೇಷನ್ನಿನ ಚರಿತ್ರೆ ಹೇಳುವುದೆಂದರೆ ಪುರಾಣ ಹೇಳಿದ ಹಾಗೆ. ಕೂತವರು ನಡುವೆ ಏಳುವಂತಿಲ್ಲ. ಮೊದಲು ಅಲ್ಲಿ ಒಂದು ಬಯಲಿತ್ತು. ಬಯಲಿನ ಅಂಚಿಗೆ ಒಂದು ಹುಣಸೆ ಮರ, ಮರದ ಕೆಳಗೆ ಚಪ್ಪಲಿ ಹೊಲಿಯುವವನೊಬ್ಬ. ಅವನು ಎದ್ದ, ಮರ ಹೋಯಿತು, ತಗಡಿನ ಬೇಲಿ ಬಂತು. ಆಮೇಲೆ ಗುಂಡಿ ತೋಡಿದರೇ? ಇಲ್ಲ! ಇಲ್ಲಿ ಅಣ್ಣ ಮಾತು ನಿಲ್ಲಿಸಿ ಎಲ್ಲರ ಮುಖ ನೋಡುತ್ತಾನೆ. "ಮೊದಲ ಗ್ವಾಡಿ, ಆಮ್ಯಾಲ ಗುಂಡಿ!" ಮಣ್ಣಿನೊಳಗೇ ಗೋಡೆ ಇಳಿಸಿ, ಅದು ಗಟ್ಟಿಯಾದ ಮೇಲೆ ಒಳಗಿನ ಮಣ್ಣು ತೆಗೆದರಂತೆ. "ಮನಿ ಕಟ್ಟೂದು ಎಲ್ಲಾರಿಗೂ ಗೊತ್ತೈತಿ. ಮನಿ ಕೆತ್ತೂದು ಯಾರಿಗೆ ಗೊತ್ತೈತ್ರಿ?" ಮಣ್ಣಾದ ಮೇಲೆ ಬಂಡೆ, ಬಂಡೆಯ ಸಂದಿನಲ್ಲಿ ನೀರು. ಕೊನೆಗೊಂದು ದಿನ ಆ ಕಡೆಯ ಗೋಡೆ ಒಡೆದುಕೊಂಡು ಸುರಂಗ ಕೊರೆಯುವ ಎರೆಹುಳದಂಥ ಯಂತ್ರವೊಂದು ಮೂತಿ ಹೊರಗೆ ಹಾಕಿತು. ಎಲ್ಲರೂ ಅದಕ್ಕೆ ತೆಂಗಿನಕಾಯಿ ಒಡೆದರು. "ಎಷ್ಟ ದೊಡ್ಡದಂತೀರಿ? ಕಬ್ಬ ಹೇರಿದ ಟ್ರ್ಯಾಕ್ಟರ್ ಸೀದಾ ಅದರ ಬಾಯಾಗ ಹೋಗಿ ಹೊರಳಿ ಬರಬಹುದು!" ವರ್ಷ ಕಳೆದಂತೆ ಟ್ರ್ಯಾಕ್ಟರುಗಳು ಎರಡಾದವು, ನಾಲ್ಕಾದವು. ನಾನು ಕಳೆದ ಸಲ ಕೇಳಿದಾಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಮುಂದೆ ಸರದಿಗೆ ನಿಲ್ಲುವ ಟ್ರ್ಯಾಕ್ಟರುಗಳ ಇಡೀ ಸಾಲೇ ಒಳಗೆ ಹೋಗಿತ್ತು!

ಇನ್ನು ಸ್ಟೇಷನ್ನಿನ ರಚನೆ. ಅದನ್ನು ಅವನು ಸೀರೆಯ ಲೆಕ್ಕದಲ್ಲಿ ಹೇಳುತ್ತಾನೆ. ಎಲ್ಲಕ್ಕಿಂತ ಕೆಳಗೆ ರೈಲು ನಿಲ್ಲುವ ಕಟ್ಟೆ. ಅದು ಒಡಲು. ಅದರ ಎರಡೂ ಬದಿಗೆ ಹಳಿ. ಹಳಿಯಂಚಿಗೆ ಉದ್ದಕ್ಕೂ ಹಳದಿ ಪಟ್ಟಿ, ಅದು ದಡಿ. ಅದರ ಮೇಲಿನ ಅಂತಸ್ತಿನಲ್ಲಿ ಟಿಕೆಟ್ ಕೊಡುವ ದೊಡ್ಡ ಹಜಾರ, ಅದು ಸೆರಗು. ಅಲ್ಲಿಂದ ಮೇಲೆ ರಸ್ತೆಗೆ ಬರಲು ನಾಲ್ಕು ಗೇಟು, ಮೂರನೆಯದು ಸಾದಾ ಮೆಟ್ಟಿಲಿನದು. ಅವಕ್ಕೆ ಸೀರೆಯಲ್ಲಿ ಏನೆನ್ನಬೇಕೆಂದು ಅಣ್ಣನಿಗೆ ಇನ್ನೂ ಹೊಳೆದಿಲ್ಲ. "ಕುಚ್ಚು ಅನ್ರಿ" ಎಂದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಮ್ಮೆ ಸಲಹೆ ಕೊಟ್ಟಳು. "ಕುಚ್ಚಿನೊಳಗ ಮಂದಿ ಹೋಗ್ತಾರೇನು?" ಎಂದು ಅಣ್ಣ ಮೂರು ದಿನ ಮುನಿಸಿಕೊಂಡಿದ್ದ.

ಊರಿಗೆ ಬಂದ ಮೇಲೆ ಅವನು ನೆಲಕ್ಕೆ ಫರ್ಶಿ, ಅಂದರೆ ಹಾಸುಗಲ್ಲು, ಕೂಡ್ರಿಸುವ ಗೌಂಡಿಯಾದ. ಕೆಲಸ ಅಚ್ಚುಕಟ್ಟು. ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೇಷನ್ನು ಅವನನ್ನು ಬಿಡಬೇಕಲ್ಲ! ಮುಧೋಳದಲ್ಲಿ ಒಬ್ಬರ ಹೊಸ ಮನೆಗೆ ಫರ್ಶಿ ಹಾಕುವಾಗ, ಮನೆಯವರು ಊರಿಗೆ ಹೋದ ಎರಡು ದಿನದಲ್ಲಿ, ತಲಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಹಳದಿ ಪಟ್ಟಿ ಕೂಡ್ರಿಸಿಬಿಟ್ಟ. ಯಜಮಾನರು ಬಂದು ನೋಡಿ ಬೆವೆತುಹೋದರು.

"ಏನಪಾ ಇದು?"

"ದಾರಿ ತಪ್ಪಬಾರದಲ್ರಿ."

"ನಮ್ಮ ಮನ್ಯಾಗ ನಾವ್ಯಾಕಪಾ ದಾರಿ ತಪ್ತೀವಿ?"

"ಮಂದಿ ಜಾಸ್ತಿ ಬಂದಾಗ ಗೊತ್ತಾಗ್ತೈತ್ರಿ" ಎಂದು ಅಣ್ಣ ಗಂಭೀರವಾಗಿ ಹೇಳಿದ. ಪಟ್ಟಿ ಇವತ್ತಿಗೂ ಇದೆ. ಆ ಮನೆಗೆ ಬಂದ ಬೀಗರು ಯಾರನ್ನೂ ಕೇಳದೆ ಸೀದಾ ಅಡುಗೆಮನೆಗೆ ಹೋಗಿ ನಿಲ್ಲುತ್ತಾರಂತೆ!

ಗಲಗಲಿಯಲ್ಲಿ ನಮ್ಮ ಸಂಬಂಧಿಕರ ಮದುವೆಯಲ್ಲಿ ಊಟದ ಪೆಂಡಾಲಿನ ವ್ಯವಸ್ಥೆ ಇವನಿಗೆ ವಹಿಸಿದರು. ಯಾರು ವಹಿಸಿದರೋ, ಅವರು ಇಂದಿಗೂ ಬಾಯಿ ಬಿಟ್ಟಿಲ್ಲ. ಅಣ್ಣ ಪೆಂಡಾಲಿಗೆ ನಾಲ್ಕು ಗೇಟು ಮಾಡಿದ. ಹಗ್ಗ ಕಟ್ಟಿದ. ಒಳಗೆ ಹೋಗುವ ದಾರಿ ಬೇರೆ, ಹೊರಗೆ ಬರುವ ದಾರಿ ಬೇರೆ. ಅರ್ಧ ತಾಸಿನಲ್ಲಿ ಗಂಡಿನ ಕಡೆಯ ನಲವತ್ತು ಜನ ಮೂರನೇ ಗೇಟಿನಿಂದ ಒಳಹೊಕ್ಕು, ಹಗ್ಗದ ಗುಂಟ ಶಿಸ್ತಿನಿಂದ ನಡೆದು, ಅನ್ನದ ಮುಖ ನೋಡದೆ ನಾಲ್ಕನೇ ಗೇಟಿನಿಂದ ರಸ್ತೆಗೆ ಬಂದು ನಿಂತಿದ್ದರು!

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಆದದ್ದನ್ನು ಹೇಳಲೇಬೇಕು. ನಮ್ಮ ಕಡೆ ಬಸ್ಸು ಬಂತೆಂದರೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ರೂಢಿ. ಅಣ್ಣ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿ, "ಮೊದಲ ಇಳಿಯವ್ರಿಗೆ ಬಿಡ್ರೀ! ಹಳದಿ ಗೆರಿ ಹಿಂದ ನಿಲ್ರೀ!" ಎಂದು ಕೂಗಿದ. ಗೆರೆ ಎಲ್ಲಿತ್ತು? ಅವನ ತಲೆಯಲ್ಲಿತ್ತು. ಅವನ ದನಿಗೆ ಹೆದರಿ ಮಂದಿ ನಿಂತೂ ನಿಂತರು. ಎಲ್ಲರೂ ಇಳಿದರು, ಎಲ್ಲರೂ ಶಾಂತವಾಗಿ ಹತ್ತಿದರು, ಬಸ್ಸು ಹೋಯಿತು. ಅಣ್ಣ ಕೆಳಗೇ ಉಳಿದ!

ಹಳದಿ ಪಟ್ಟಿ, ಹಳದಿ ಗೆರೆ ಎಂದು ನಾನು ಮತ್ತೆ ಮತ್ತೆ ಹೇಳುತ್ತಿದ್ದೇನಲ್ಲ, ಅದಕ್ಕೆ ಕಾರಣವಿದೆ. ಆ ಸ್ಟೇಷನ್ನಿನಲ್ಲಿ ಅಣ್ಣ ಮಣ್ಣು ಹೊತ್ತಿದ್ದಾನೆ, ಸರಳು ಕಟ್ಟಿದ್ದಾನೆ. ಆದರೆ ಕೊನೆಯ ವರ್ಷ ಅವನ ಕೈಯಿಂದಲೇ ಪೂರ್ತಿಯಾದ ಕೆಲಸ ಒಂದೇ. ಮೂರನೇ ಗೇಟಿನ ಮೆಟ್ಟಿಲಿನ ಬುಡದಿಂದ ಟಿಕೆಟಿನ ಕಿಂಡಿಯವರೆಗೆ ಹೋಗುವ ಹಳದಿ ಪಟ್ಟಿ. ಕಣ್ಣು ಕಾಣದವರು ಕಾಲಿನಿಂದ ದಾರಿ ತಿಳಿಯಲಿ ಎಂದು ಹಾಕುವ ಉಬ್ಬು ಫರ್ಶಿ. ಉದ್ದ ಗೆರೆಗಳಿದ್ದರೆ ನಡೆ ಎಂದರ್ಥ, ಚುಕ್ಕೆಗಳಿದ್ದರೆ ನಿಲ್ಲು ಎಂದರ್ಥ. ಮನೆಯಲ್ಲೂ ಇದೇ ಕಾನೂನು. ವೈನಿ ಜೋರಾಗಿ ಮಾತಾಡಿದರೆ ಅಣ್ಣ ಕೈ ಎತ್ತಿ "ಚುಕ್ಕಿ!" ಅನ್ನುತ್ತಾನೆ. "ನಿಮ್ಮ ಬಾಯಿಗೆ ಯಾರ ಹಾಕವ್ರು ಚುಕ್ಕಿ? ಅಲ್ಲಿ ಬರೇ ಉದ್ದ ಗೆರಿನ ಅದಾವ!" ಎಂದು ವೈನಿಯ ಉತ್ತರ.

ಆ ಪಟ್ಟಿಗೆ ನಡುವೆ ಒಂದು ತಿರುವು. ಅಲ್ಲಿ ಫರ್ಶಿಗಳ ಅಂಚು ಕಾಲಿಗೆ ಎಡವಬಾರದೆಂದು ಅಣ್ಣ ಒಂದೊಂದನ್ನೂ ಕೈಯಿಂದ ಉಜ್ಜಿ, ನೂಲಿನ ತುದಿಗೆ ತುದಿ ಹೊಸೆದ ಹಾಗೆ ಜೋಡಿಸಿದ. ಕೆಲಸದ ಕೊನೆಯ ದಿನ ನೋಡಲು ಬಂದ ಒಬ್ಬ ಸಾಹೇಬರು ತಿರುವಿನ ಹತ್ತಿರ ನಿಂತು, "ಇದನ್ನು ಕಿತ್ತು ಬೇರೆ ಹಾಕಬೇಕಾಗಬಹುದು" ಎಂದು ಹೇಳಿ ಹೋದರು. ಕಿತ್ತರೋ ಬಿಟ್ಟರೋ ಅಣ್ಣನಿಗೆ ಗೊತ್ತಿಲ್ಲ. ಮರುದಿನವೇ ಇವನ ಗುಂಪಿನ ಕೆಲಸ ಮುಗಿದು ಊರಿಗೆ ಬಂದ. ಸ್ಟೇಷನ್ನು ತೆರೆದದ್ದು ಆಮೇಲೆ. ಹೋಗಿ ನೋಡಿಬಾ ಎಂದರೆ, "ಮಾಡಿದವಗ ಮತ್ತೇನ ನೋಡೂದೈತಿ?" ಅನ್ನುತ್ತಿದ್ದ. ಕಿತ್ತಿದ್ದರೆ ಏನು ಮಾಡುವುದು ಎಂಬ ಹೆದರಿಕೆ ಅದು. ನನಗೆ ಗೊತ್ತಿತ್ತು.

ಹಿಂದಿನ ವರ್ಷ ನಮ್ಮ ಮಹಿಳಾ ಸಂಘದವರು ಬೆಂಗಳೂರಿನಲ್ಲಿ ಸೀರೆಯ ಅಂಗಡಿ ಇಟ್ಟಾಗ ನಾನೂ ನಾಲ್ಕು ದಿನ ಹೋದೆ. ಹೊರಡುವಾಗ ಅಣ್ಣ ಬಸ್ಸಿನ ಕಿಟಕಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ: "ತಂಗೆವ್ವಾ, ಒಂದ ಕೆಲಸ. ಆ ಪಟ್ಟಿ ಐತೋ ಇಲ್ಲೋ ನೋಡಿ ಬಾ. ಮತ್ತ ಅದರ ಮ್ಯಾಲ ಯಾರರ ನಡಿಯಾಕತ್ತಿದ್ರ ಅದನ್ನೂ ನೋಡು. ಕಣ್ಣಿದ್ದವ್ರು ದೀಪ ನೋಡ್ತಾರ, ಗ್ವಾಡಿ ನೋಡ್ತಾರ. ನಾ ಮಾಡಿದ್ದನ್ನ ನೋಡವ್ರು ಕಣ್ಣಿಲ್ಲದವ್ರಷ್ಟ ಬೇ."

ಮೂರನೇ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೋದೆ. ಆಟೊದವನು ನನ್ನನ್ನು ಒಂದನೇ ಗೇಟಿನ ಮುಂದೆ ಇಳಿಸಿದ. ಅಲ್ಲಿ ಮೆಟ್ಟಿಲುಗಳು ತಾವೇ ಓಡುತ್ತಿದ್ದವು! ಒಂದರ ಹಿಂದೆ ಒಂದು ಹುಟ್ಟಿ, ಕೆಳಗೆ ಹೋಗಿ, ನೆಲದಲ್ಲಿ ಮಾಯವಾಗುತ್ತಿದ್ದವು. ಕಾಲು ಎತ್ತಿದೆ, ಇಳಿಸಿದೆ. ಐದು ಸಲ ಎತ್ತಿದೆ, ಐದು ಸಲವೂ ಅಲ್ಲೇ ಇಳಿಸಿದೆ. ಹಿಂದಿನಿಂದ ಒಬ್ಬಳು ಹುಡುಗಿ, "ಆಂಟೀ, ಹೋಗ್ತೀರಾ, ಇಲ್ಲೇ ಕವಾಯತು ಮಾಡ್ತೀರಾ?" ಎಂದು ನಕ್ಕಳು. ನನಗೆ ನಾಚಿಕೆಯಾಯಿತು. ತಿರುಗಿ ಬಂದು ಎದುರಿನ ಗಾಡಿಯಲ್ಲಿ ಕಬ್ಬಿನ ಹಾಲು ಕುಡಿದೆ. ಊರ ಸುತ್ತ ಕಬ್ಬೇ ಇರುವ ನಾಡಿನಿಂದ ಅಷ್ಟು ದೂರ ಹೋಗಿ ನಾನು ಮಾಡಿ ಬಂದ ಕೆಲಸ ಅದೊಂದೇ!

ತಿರುಗಿ ಊರಿಗೆ ಬಂದು ಬಸ್ಸಿನಿಂದ ಇಳಿಯುವ ಮೊದಲೇ ಅಣ್ಣ ಕಿಟಕಿಯ ಹೊರಗೆ ನಿಂತಿದ್ದ. ಎಂದೂ ಮುಗಿಯದ ಮಾತಿನ ಮನುಷ್ಯ ಅವತ್ತು ಕೇಳಿದ್ದು ಒಂದೇ ಶಬ್ದ.

"ಐತೇನು?"

ಆ ಮುಖ ನೋಡಿ ಯಾರಾದರೂ ಏನು ಹೇಳಿಯಾರು? "ಐತಿ" ಅಂದೆ.

"ತಿರುವಿನ್ಯಾಗ?"

"ಹಂಗ ಐತಿ."

"ಯಾರರ ನಡ್ಯಾಕತ್ತಿದ್ರೇನು?"

ಮೊದಲನೇ ಸುಳ್ಳಿಗೆ ಎರಡನೆಯದು ತಾನೇ ಅಂಟಿಕೊಂಡು ಬಂತು. "ಹೂನಣ್ಣಾ. ಒಬ್ಬ ಮುದುಕ. ಕೋಲು ಊರಿಕೋತ ನಡದಿದ್ದ. ತಿರುವಿನ್ಯಾಗ ನಿಂತ, ಹೊಳ್ಳಿದ, ಸೀದಾ ಕಿಂಡಿಗೆ ಹ್ವಾದ."

ಅಣ್ಣ ನನ್ನ ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಮನೆ ಮುಟ್ಟುವವರೆಗೂ ಮಾತಾಡಲಿಲ್ಲ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆದರೆ ಮರುದಿನದಿಂದ! ಮುದುಕನನ್ನು ಹುಟ್ಟಿಸಿದವಳು ನಾನು, ಸಾಕಿ ಬೆಳೆಸಿದವನು ನಮ್ಮಣ್ಣ. ವಾರದೊಳಗೆ ಚಹದಂಗಡಿಯಲ್ಲಿ ಮುದುಕನಿಗೆ ಬಿಳಿ ಧೋತರ ಬಂತು, ತಲೆಗೆ ಟೋಪಿ ಬಂತು. ತಿಂಗಳೊಳಗೆ ಅವರು ಹಾರ್ಮೋನಿಯಂ ಕಲಿಸುವ ಮಾಸ್ತರರಾದರು. ದಿನಾ ನಾಲ್ಕು ಗಂಟೆಗೆ ಪಾಠಕ್ಕೆ ಹೋಗುತ್ತಾರೆ, ಯಾಕೆಂದರೆ ನಾನು ನೋಡಿದ್ದು ನಾಲ್ಕು ಗಂಟೆಗೆ ಎಂದು ಹೇಳಿಬಿಟ್ಟಿದ್ದೆ! "ಮೂಲ ನಮ್ಮ ಕಡಿಯವ್ರ ಇರಬೇಕು, ಅನಗವಾಡಿ ಕಡೆ" ಎಂದೂ ತೀರ್ಮಾನವಾಯಿತು. ಹೇಗೆ ಎಂದರೆ, "ತಿರುವಿನ್ಯಾಗ ಗಡಿಬಿಡಿ ಮಾಡ್ಲಿಲ್ಲಲ್ಲ, ಅದಕ್ಕ!" ಥಂಡಿ ಶುರುವಾದಾಗ ಅಣ್ಣನಿಗೆ ಚಿಂತೆ: "ಮಾಸ್ತರ್ರು ಈ ಥಂಡ್ಯಾಗ ಪಾಠಕ್ಕಂತ ಹೊರಗ ಹೊಂಟಿರ್ತಾರೇನೋ."

"ಇವ್ರಿಗೆ ಮಾವ ಇಲ್ಲಂತ ಕೊರತಿ ಇತ್ತು. ಈಗ ನೀಗಿತು ನೋಡು" ಎಂದು ವೈನಿ ನಕ್ಕಳು. ನಾನೂ ನಕ್ಕೆ.

ಒಂದು ದಿನ ಅಣ್ಣನ ಮನೆಗೆ ಹೋದರೆ, ವರ್ಷಗಳಿಂದ ಮುಚ್ಚಿದ್ದ ಕುಣಿಮಗ್ಗದ ಮೇಲಿನ ಹಲಗೆ ತೆಗೆದು ಒಳಗೆ ಕೂತಿದ್ದಾನೆ! ಮಾಸ್ತರರಿಗೆ ಒಂದು ಟವೆಲ್ ನೇಯುತ್ತಾನಂತೆ. ದಡಿಗೆ ಹಳದಿ ನೂಲು. ತಾನೇ ಹೋಗಿ ಅವರ ಕೈಗೆ ಕೊಡುತ್ತಾನಂತೆ. "ಕಂಡಿಕಿ ಸುತ್ತಿ ಕೊಡ ಬೇ, ನಿನ್ನ ಕೈಯಾಗ ಛಲೋ ಬರ್ತಾವ." ಇಲ್ಲದ ಮುದುಕನ ಟವೆಲ್ಲಿಗೆ ನಾನೇ ರಾಟಿಯ ಮುಂದೆ ಕೂತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತಿದೆ. ಅಂದೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ರಾಟಿ ತಿರುಗುತ್ತಿರುವವರೆಗೆ ಬಾಯಿ ತೆರೆಯಬೇಕಾಗಿಲ್ಲ ಎಂದುಕೊಂಡೆ.

"ನೀನೂ ಬರಬೇಕು. ಗುರ್ತ ಹಿಡಿಯವ್ರು ಯಾರು ಮತ್ತ?" ಎಂದು ಅಣ್ಣ ನನ್ನನ್ನೂ ಬಸ್ಸಿಗೆ ಹತ್ತಿಸಿದ. ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆ ಮಾಸ್ತರರ ಕತೆ. ಇಳಿಯುವಷ್ಟರಲ್ಲಿ ಅವರ ಮೊಮ್ಮಗಳ ಲಗ್ನವೂ ಗೊತ್ತಾಗಿತ್ತು!

ಅಣ್ಣ ನನ್ನನ್ನು ಸೀದಾ ಮೂರನೇ ಗೇಟಿಗೆ ಕರೆದುಕೊಂಡು ಹೋದ. ನೋಡುತ್ತೇನೆ, ಅಲ್ಲಿ ಸಾದಾ ಮೆಟ್ಟಿಲುಗಳು! ನಮ್ಮ ಮನೆಯ ಮೆಟ್ಟಿಲಿನಂಥವು, ಓಡದವು, ನಿಂತವು. ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಕೂಡ. ಅರ್ಧ ಮೆಟ್ಟಿಲು ಇಳಿದಿದ್ದೆವು. ಗಂಟೆ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಅಲ್ಲೇ ಕೂತುಬಿಟ್ಟೆ.

"ಅಣ್ಣಾ, ಮುದುಕ ಇಲ್ಲ."

"ಬರ್ತಾರ ತಡಿ, ಇನ್ನೂ ಟೈಮ್ ಐತಿ."

"ಇಲ್ಲಣ್ಣಾ. ಮುದುಕನ ಇಲ್ಲ. ನಾ ಕಟ್ಟಿ ಹೇಳಿದ್ದು."

ಜನ ನಮ್ಮ ಎರಡೂ ಬದಿಯಿಂದ ಇಳಿದು ಹೋಗುತ್ತಿದ್ದರು. ಅಣ್ಣ ಒಂದು ಮೆಟ್ಟಿಲು ಕೆಳಗೆ ನಿಂತು ನನ್ನನ್ನೇ ನೋಡಿದ.

"ಪಟ್ಟಿ?"

"ಗೊತ್ತಿಲ್ಲಣ್ಣಾ. ನಾ ಕೆಳಗ ಇಳಿದೇ ಇಲ್ಲ. ಆ ಓಡೂ ಮೆಟ್ಟಲಕ್ಕ ಅಂಜಿ ಹೊಳ್ಳಿ ಬಂದೆ."

ಅಣ್ಣ ಚೀಲದಿಂದ ಟವೆಲ್ ತೆಗೆದು ಮುಖ ಒರೆಸಿಕೊಂಡ. ಹೊಸ ಟವೆಲ್, ಇನ್ನೂ ಗಂಜಿಯ ವಾಸನೆ ಹೋಗಿರಲಿಲ್ಲ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮೂರನೇ ಗೇಟಿನ್ಯಾಗ ಸಾದಾ ಮೆಟ್ಟಲ ಅದಾವ ಅಂತ ಎಷ್ಟ ಸಲ ಹೇಳೀನಿ ಬೇ ನಿನಗ?" ಅಂದ. "ಅಂದ್ರ ನೀ ಒಂದಿನಾನೂ ಖರೆ ಅನ್ಕೊಂಡಿಲ್ಲ."

ಇದೇ ನನ್ನ ತಪ್ಪು. ಹೆದರಿದ್ದಲ್ಲ, ಸುಳ್ಳು ಹೇಳಿದ್ದೂ ಅಲ್ಲ. ಅಣ್ಣನ ಸ್ಟೇಷನ್ನು ನನಗೆ ಬಾಯಿಪಾಠವಾಗಿತ್ತು. ನಾಲ್ಕು ಗೇಟು, ಎರಡು ಅಂತಸ್ತು, ಒಡಲು, ದಡಿ, ಸೆರಗು, ಎಲ್ಲ. ಆದರೆ ಆ ಗೇಟಿನ ಮುಂದೆ ನಿಂತಾಗ ಅದು ನಿಜವಾಗಿ ಇರಬಹುದು, ಅವನು ಹೇಳಿದ ಜಾಗದಲ್ಲೇ ಮೆಟ್ಟಿಲು ಸಿಗಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಊರಿನವರ ಜೊತೆ ಕೂತು ನಕ್ಕು ನಕ್ಕು, ನನ್ನ ಒಡಹುಟ್ಟಿದವನ ನಾಲ್ಕು ವರ್ಷದ ದುಡಿಮೆಯನ್ನು ನಾನು ಕತೆ ಅಂದುಕೊಂಡಿದ್ದೆ.

ಅಣ್ಣ ತಿರುಗಿ ಇಳಿದು ಹೋದ. ನಾನು ಹಿಂದೆ ಓಡಿದೆ. ಮೆಟ್ಟಿಲಿನ ಬುಡದಲ್ಲಿ ಹಳದಿ ಪಟ್ಟಿ ಇತ್ತು. ಆದರೆ ಅದು ಅವನದೋ, ಕಿತ್ತು ಬೇರೆಯವರು ಹಾಕಿದ್ದೋ? ಸಾವಿರಾರು ಕಾಲು ತುಳಿದು ಬಣ್ಣ ಮಾಸಿತ್ತು. ಅಣ್ಣ ಬಗ್ಗಿ ನೋಡಿದ. ತಲೆ ಅಲ್ಲಾಡಿಸಿದ. ಚಪ್ಪಲಿ ಬಿಟ್ಟು ನನ್ನ ಕೈಗೆ ಕೊಟ್ಟ. ಕಣ್ಣು ಮುಚ್ಚಿದ. ಬರಿಗಾಲನ್ನು ಪಟ್ಟಿಯ ಮೇಲೆ ಇಟ್ಟು ನಡೆಯತೊಡಗಿದ.

ಕಾವಲಿನವನೊಬ್ಬ ಹತ್ತಿರ ಬಂದ. "ಏನಮ್ಮಾ, ಯಜಮಾನ್ರಿಗೆ ಕಣ್ಣು ಕಾಣಲ್ವಾ?"

"ಕಾಣ್ತಾವ್ರಿ. ಈ ಪಟ್ಟಿ ಕೂಡ್ರಿಸಿದವ್ರು ಇವ್ರ. ತಮ್ಮದ ಹೌದೋ ಅಲ್ಲೋ ನೋಡಾಕತ್ತಾರ್ರಿ."

ಅವನು ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ. ಆಮೇಲೆ ಮುಂದೆ ಹೋಗಿ, ಪಟ್ಟಿಯ ಮೇಲೆ ನಿಂತು ಫೋನು ನೋಡುತ್ತಿದ್ದ ಇಬ್ಬರನ್ನು ಸರಿಸಿದ.

ಅಣ್ಣ ನಡೆದ. ತಿರುವಿನಲ್ಲಿ ನಿಂತ. ಹೆಬ್ಬೆರಳಿನಿಂದ ಒಂದು ಅಂಚು ಸವರಿದ, ಇನ್ನೊಂದು ಅಂಚು ಸವರಿದ. ಎಷ್ಟೋ ಹೊತ್ತು ನಿಂತೇ ಇದ್ದ. ಮಂದಿ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

"ನಂದ ಐತಿ ಬೇ" ಅಂದ, ಕಣ್ಣು ತೆರೆಯದೆ. "ಕಿತ್ತಿಲ್ಲ."

ಹೊರಳಿ, ಸೀದಾ ಟಿಕೆಟಿನ ಕಿಂಡಿಯವರೆಗೆ ನಡೆದು, ಅಲ್ಲಿ ಕಣ್ಣು ಬಿಟ್ಟ. ರೆಪ್ಪೆಯ ಒದ್ದೆಯನ್ನು ಒರೆಸಿಕೊಳ್ಳಲೂ ಇಲ್ಲ. ಹಿಂದೆ ಹಿಂದೆ ಅವನ ಚಪ್ಪಲಿ ಹಿಡಿದು ಬಂದಿದ್ದ ನನಗೆ ತಲೆ ಎತ್ತಲು ಆಗಲಿಲ್ಲ. ಅಣ್ಣ ತನ್ನ ನರೆತ ಗಡ್ಡ ಕೆರೆದುಕೊಂಡು, ಅಪ್ಪನ ಏಟಿನಿಂದ ನನ್ನನ್ನು ತಪ್ಪಿಸಲು ಚಿಕ್ಕಂದಿನಲ್ಲಿ ಮಾತಾಡುತ್ತಿದ್ದ ದನಿಯಲ್ಲಿ ಹೇಳಿದ:

"ಊರಾಗ ಯಾರರ ಕೇಳಿದ್ರ ಮೊದಲಿನಂಗ ಹೇಳ ಬೇ. ಪಟ್ಟಿ ಐತಿ, ಒಬ್ಬ ಮುದುಕ ಅದರ ಮ್ಯಾಲ ನಡ್ಯಾಕತ್ತಿದ್ದ, ನಾ ಕಣ್ಣಾರೆ ನೋಡೀನಿ ಅನ್ನು. ಈಗ ನೋಡಿದ್ಯಲ್ಲ?"